ಅರವತ್ತು ಜನ, ಇಪ್ಪತ್ನಾಲ್ಕು ಬಾವುಟ, ಒಂದು ಕಾಫಿ ತೋಟ: ಓರಿಯೆಂಟೀರಿಂಗ್ ಸ್ಪರ್ಧೆ ಕಟ್ಟುವ ಕೆಲಸದ ಲಾಗ್

ಓರಿಯೆಂಟೀರಿಂಗ್ ಅಂದರೆ ನಕ್ಷೆ, ದಿಕ್ಸೂಚಿ ಹಿಡಿದು, ಬಾವುಟ ನೆಟ್ಟ ಜಾಗಗಳನ್ನು (ಕಂಟ್ರೋಲ್) ಕ್ರಮವಾಗಿ ಹುಡುಕಿ, ಒಂದೊಂದರಲ್ಲೂ ಕಾರ್ಡಿಗೆ ತೂತು ಒತ್ತಿಕೊಂಡು (ಪಂಚ್) ಓಡುವ ಆಟ. ಹಾಗೆ ಹುಡುಕಬೇಕಾದ ಜಾಗಗಳ ಒಂದು ಸರಣಿಯೇ ಒಂದು ಕೋರ್ಸ್. ಕೆಲಸದ ಅಳತೆ ಇಷ್ಟು: ಚಿಕ್ಕಮಗಳೂರು ಸೀಮೆಯ ಒಂದು ಅರೇಬಿಕಾ ತೋಟ, ಅದಕ್ಕೆ ಅಂಟಿಕೊಂಡ ಖಾಸಗಿ ಹಾಡ್ಯ (ಸಣ್ಣ ಕಾಡು), ಕೆಳಗೊಂದು ಕೆರೆ. ಒಟ್ಟು 1.2 ಚದರ ಕಿ.ಮೀ. ಮೂರು ಕೋರ್ಸ್, 24 ಕಂಟ್ರೋಲ್, 60 ಸ್ಪರ್ಧಿಗಳು, 14 ಸ್ವಯಂಸೇವಕರು, ಹನ್ನೆರಡು ವಾರ. ಹನ್ನೆರಡರಲ್ಲಿ ಆರು ವಾರ ನಕ್ಷೆಗೇ ಹೋಗುತ್ತದೆ. ಓಡುವವನು ದಾರಿ ತಪ್ಪಿದರೆ ಅದು ಆಟ. ನಕ್ಷೆ ತಪ್ಪಿದ್ದರಿಂದ ಅವನು ದಾರಿ ತಪ್ಪಿದರೆ ಅದು ಆಟವಲ್ಲ.

ವಾರ 1: ಜಾಗ ಮತ್ತು ತಿಂಗಳು

ಮೊದಲು ಎಲ್ಲಿ ಮಾಡಬಾರದು ಅನ್ನುವುದನ್ನು ತೀರ್ಮಾನಿಸಿ. ಭದ್ರಾ ಹುಲಿ ಮೀಸಲು ಪ್ರದೇಶ ಮತ್ತು ಅದರ ಅಂಚು ಬೇಡ. ಮೀಸಲು ಅರಣ್ಯ ಕರ್ನಾಟಕ ಅರಣ್ಯ ಕಾಯ್ದೆ 1963ರ ಅಡಿಯಲ್ಲಿ ಬರುತ್ತದೆ. ಅಲ್ಲಿ ಅನುಮತಿ ಇಲ್ಲದೆ ಟೇಪ್ ಕಟ್ಟಲು ಹೋಗುವುದೇ ತಪ್ಪು. ಖಾಸಗಿ ತೋಟವಾದರೆ ಮಾಲೀಕರ ಲಿಖಿತ ಒಪ್ಪಿಗೆ ಸಾಕು. ಆದರೂ ವಲಯ ಅರಣ್ಯಾಧಿಕಾರಿ ಕಚೇರಿಗೆ, ಪೊಲೀಸ್ ಠಾಣೆಗೆ, ಗ್ರಾಮ ಪಂಚಾಯಿತಿಗೆ ಒಂದೊಂದು ಪತ್ರ ಕೊಟ್ಟು ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ. ಆನೆ ಬಂದ ದಿನ ಸುದ್ದಿ ಕೊಡಬೇಕಾದವರು ಇವರೇ.

ತೋಟದ ಗಡಿಯನ್ನು ಮೇಸ್ತ್ರಿಯ ಬಾಯಿಮಾತಿನಲ್ಲಿ ಕೇಳಿ ಬಿಡಬೇಡಿ. ದಿಶಾಂಕ್ ಆ್ಯಪ್ ತೆರೆದು ನಿಂತ ಜಾಗದ ಸರ್ವೆ ನಂಬರ್ ನೋಡಿ, ಕಂದಾಯ ಇಲಾಖೆಯ ಗ್ರಾಮ ನಕ್ಷೆಯೊಂದಿಗೆ ತಾಳೆ ಹಾಕಿ. ಗಡಿಯ ಅಗಳು (ಕಂದಕ) ಎಷ್ಟೋ ಕಡೆ ಸರ್ವೆ ಗಡಿಗಿಂತ ಈಚೆಗೋ ಆಚೆಗೋ ಇರುತ್ತದೆ. ಪಕ್ಕದ ತೋಟದವರಿಗೆ ಮಾತು ಮುಟ್ಟಿಸದಿದ್ದರೆ ಸ್ಪರ್ಧೆಯ ದಿನ ಬೇಲಿಯ ಬಳಿ ಜಗಳ ಖಂಡಿತ.

ತಿಂಗಳ ಆಯ್ಕೆ ಕಾಫಿಯ ಕೈಯಲ್ಲಿದೆ. ಜೂನ್‌ನಿಂದ ಸೆಪ್ಟೆಂಬರ್ ಮಳೆ ಮತ್ತು ಇಂಬಳ (ಜಿಗಣೆ). ಅಕ್ಟೋಬರ್‌ನಲ್ಲಿ ಹಣ್ಣು ಬಲಿಯುತ್ತಿರುತ್ತದೆ, ಅರವತ್ತು ಜನ ಗಿಡ ಸವರಿಕೊಂಡು ಓಡಿದರೆ ಉದುರುತ್ತದೆ, ಯಾವ ಮಾಲೀಕರೂ ಒಪ್ಪುವುದಿಲ್ಲ. ನವೆಂಬರ್‌ನಿಂದ ಜನವರಿವರೆಗೆ ಅರೇಬಿಕಾ ಕೊಯ್ಲು. ಮಾರ್ಚ್–ಏಪ್ರಿಲ್‌ನಲ್ಲಿ ಕಾಫಿ ಹೂ ಅರಳಿಸುವ ಹೂಮಳೆ. ಹಾಗಾಗಿ ಉಳಿಯುವುದು ಫೆಬ್ರುವರಿ: ಕೊಯ್ಲು ಮುಗಿದಿದೆ, ಕಳೆ ಕಡಿಮೆ, ನೆಲ ಒಣಗಿದೆ. ರೊಬಸ್ಟಾ ತೋಟವಾದರೆ ಈ ಲೆಕ್ಕ ಕೂಡುವುದಿಲ್ಲ. ಕೊಯ್ಲು ಮಾರ್ಚ್‌ವರೆಗೆ ಎಳೆಯುತ್ತದೆ, ಅದರ ಬೆನ್ನಿಗೇ ಸ್ಪ್ರಿಂಕ್ಲರ್ ಶುರು. ಅರೇಬಿಕಾದಲ್ಲೂ ಫೆಬ್ರುವರಿಗೆ ರೆಕ್ಕೆಗಳಲ್ಲಿ (ಗಿಡದ ಪಕ್ಕದ ಕೊಂಬೆಗಳಲ್ಲಿ) ಮೊಗ್ಗು ಕೂತಿರುತ್ತದೆ. ಸಾಲು ಮುರಿದು ಅಡ್ಡ ನುಗ್ಗಿದರೆ ಮುರಿಯುವುದು ಮುಂದಿನ ವರ್ಷದ ಫಸಲು. ಈ ಮಾತು ನಿಯಮಪತ್ರದ ಮೊದಲ ಸಾಲಿನಲ್ಲೇ ಇರಲಿ.

ಫೆಬ್ರುವರಿಗೂ ಒಂದು ಕೊರೆ ಇದೆ. ಡಿಸೆಂಬರ್‌ನಿಂದ ಮೇವರೆಗೆ ಉಣ್ಣಿಯಿಂದ ಹರಡುವ ಮಂಗನ ಕಾಯಿಲೆಯ ಕಾಲ. ಕೊಪ್ಪ, ನರಸಿಂಹರಾಜಪುರ, ಶೃಂಗೇರಿ ಕಡೆ ಪ್ರಕರಣಗಳು ಕಂಡಿವೆ. ಜಾಗ ಗೊತ್ತುಮಾಡುವ ಮೊದಲೇ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಿ. ಸುತ್ತ ಎಲ್ಲಾದರೂ ಮಂಗ ಸತ್ತ ಸುದ್ದಿ ಇದ್ದರೆ ಆ ಜಾಗ ಕೈಬಿಡಿ. ಉಳಿದಂತೆ ತುಂಬುತೋಳು, ಕಾಲುಚೀಲದೊಳಗೆ ತುರುಕಿದ ಪ್ಯಾಂಟು, ಉಣ್ಣಿ ದೂರವಿಡುವ ಡೇಪಾ ಎಣ್ಣೆ, ಮುಗಿದ ಮೇಲೆ ಉಣ್ಣಿ ತಪಾಸಣೆ.

ವಾರ 2: ಅಡಿನಕ್ಷೆ

ಸರ್ವೆ ಆಫ್ ಇಂಡಿಯಾದ 1:50,000 ಹಾಳೆಯಲ್ಲಿ ಕಾಂಟೂರ್ (ಒಂದೇ ಎತ್ತರದ ಜಾಗಗಳನ್ನು ಜೋಡಿಸುವ ಗೆರೆ) ಅಂತರ 20 ಮೀಟರ್. ಓರಿಯೆಂಟೀರಿಂಗ್‌ಗೆ ಬೇಕಾದದ್ದು 5 ಮೀಟರ್. ಆ ಹಾಳೆಯಿಂದ ಹಳ್ಳ, ಊರು, ದೊಡ್ಡ ಗುಡ್ಡದ ಆಕಾರ ಮಾತ್ರ ತೆಗೆದುಕೊಳ್ಳಿ. ಸ್ವಂತ ನಕ್ಷೆ ಮಾಡಲು ಅಂಜಬೇಕಿಲ್ಲ. 2021ರ ಫೆಬ್ರುವರಿಯ ಕೇಂದ್ರ ಮಾರ್ಗಸೂಚಿಯ ನಂತರ ಭಾರತೀಯರು ಇಂಥ ನಕ್ಷೆ ತಯಾರಿಸಲು ಮುಂಗಡ ಅನುಮತಿ ಬೇಡ.

ಎತ್ತರಕ್ಕೆ ಪುಕ್ಕಟೆ ಸಿಗುವುದು 30 ಮೀಟರ್ ಚೌಕಳಿಯಲ್ಲಿ ಬಾಹ್ಯಾಕಾಶದಿಂದ ಅಳೆದ ದತ್ತಾಂಶ: 2000ದಲ್ಲಿ ಅಮೆರಿಕದ ಬಾಹ್ಯಾಕಾಶ ನೌಕೆ ಅಳೆದ ಎಸ್‌ಆರ್‌ಟಿಎಂ, ಅಥವಾ ಯುರೋಪಿನ ಕೋಪರ್ನಿಕಸ್. ಎರಡೂ ನೆಲವನ್ನಷ್ಟೇ ಅಳೆಯುವುದಿಲ್ಲ, ಮರದ ನೆತ್ತಿಯನ್ನೂ ಎತ್ತರಕ್ಕೆ ಸೇರಿಸಿಕೊಳ್ಳುತ್ತವೆ. ಸಿಲ್ವರ್ ಓಕ್ ಇರುವ ತೋಟ ಗದ್ದೆಗೆ ತಾಗುವ ಕಡೆ ನಕ್ಷೆಯಲ್ಲಿ ಮೂರು ನಾಲ್ಕು ಕಾಂಟೂರ್ ಒಟ್ಟೊಟ್ಟಿಗೆ ಬಂದು ಧರೆ (ಕಡಿದಾದ ಮಣ್ಣಿನ ಗೋಡೆ) ಇದ್ದಂತೆ ಕಾಣುತ್ತದೆ. ಹೋಗಿ ನೋಡಿದರೆ ಧರೆಯೂ ಇಲ್ಲ, ದಿಣ್ಣೆಯೂ ಇಲ್ಲ. ತೋಟ–ಗದ್ದೆ ಅಂಚಿನ ಪ್ರತಿ ಗೆರೆಯನ್ನೂ ಅನುಮಾನದಿಂದ ನೋಡಿ.

ಸಾಫ್ಟ್‌ವೇರ್: ಓಪನ್‌ಓರಿಯೆಂಟೀರಿಂಗ್ ಮ್ಯಾಪರ್, ಉಚಿತ. ನಿರ್ದೇಶಾಂಕ ಪದ್ಧತಿ ಈ ಸೀಮೆಗೆ ಹೊಂದುವ ಯುಟಿಎಂ 43 ಉತ್ತರ. ಅಳತೆ 1:7500. ಈ ಅಳತೆಯಲ್ಲಿ ಎ4 ಹಾಳೆ ಸುಮಾರು 1.5 ಕಿ.ಮೀ. ಅಗಲ, 2.2 ಕಿ.ಮೀ. ಉದ್ದ ಹಿಡಿಯುತ್ತದೆ. 1:10,000 ಇಟ್ಟರೆ ತೋಟದ ಒಳದಾರಿಗಳು ಒಂದರ ಮೇಲೊಂದು ಬೀಳುತ್ತವೆ.

ನಕ್ಷೆಯ ಉತ್ತರ ಕಾಂತೀಯ ಉತ್ತರವಾಗಿರಬೇಕು. ಇಲ್ಲಿ ವ್ಯತ್ಯಾಸ ಚಿಕ್ಕದು, ಪಶ್ಚಿಮಕ್ಕೆ ಒಂದರಿಂದ ಒಂದೂವರೆ ಡಿಗ್ರಿಯ ಆಸುಪಾಸು. ಅಷ್ಟಕ್ಕೇನು ಅಂತ ಬಿಟ್ಟರೆ 400 ಮೀಟರ್ ಓಟಕ್ಕೆ ಏಳರಿಂದ ಹತ್ತು ಮೀಟರ್ ಪಕ್ಕಕ್ಕೆ ಜಾರುತ್ತದೆ. ಆರಡಿ ಅಂತರದ ಅರೇಬಿಕಾದಲ್ಲಿ ಅದು ನಾಲ್ಕೈದು ಸಾಲು.

ದಿಕ್ಸೂಚಿಯದು ಇನ್ನೊಂದು ತಕರಾರು. ಕಾಂತೀಯ ಸಮಭಾಜಕ ನಮ್ಮ ದಕ್ಷಿಣದಲ್ಲೇ, ತುಂಬಾ ಹತ್ತಿರ ಹಾದುಹೋಗುತ್ತದೆ. ಯುರೋಪಿಗೆಂದು ತೂಕ ಹೊಂದಿಸಿದ ಸೂಜಿ ಇಲ್ಲಿ ಒಂದು ತುದಿ ತಗ್ಗಿ ತಳಕ್ಕೋ ಮುಚ್ಚಳಕ್ಕೋ ಉಜ್ಜಿ ನಿಂತುಬಿಡುತ್ತದೆ. ಕೊಳ್ಳುವಾಗ ಮಟ್ಟವಾಗಿ ಹಿಡಿದು 90 ಡಿಗ್ರಿ ತಿರುಗಿಸಿ, ಸೂಜಿ ಸಲೀಸಾಗಿ ತೂಗಿ ನಿಲ್ಲುತ್ತದೆಯೇ ನೋಡಿ.

ವಾರ 3ರಿಂದ 7: ನಡೆದು ತುಂಬುವುದು

ಒಂದು ಚದರ ಕಿ.ಮೀ.ಗೆ ಮೂವತ್ತು ಗಂಟೆ ನಡಿಗೆ ಇಟ್ಟುಕೊಳ್ಳಿ, ಮನೆಯಲ್ಲಿ ಗೆರೆ ಎಳೆಯುವುದು ಬೇರೆ. ಬೇಕಾದ ಸಾಮಾನು: ಅಡಿನಕ್ಷೆಯ 1:5000 ಪ್ರತಿ, ಅದರ ಮೇಲೆ ಟ್ರೇಸಿಂಗ್ ಫಿಲ್ಮ್, ಗಟ್ಟಿ ರಟ್ಟು, 0.5 ಪೆನ್ಸಿಲ್, ನಾಲ್ಕು ಬಣ್ಣದ ಪೆನ್ಸಿಲ್, 50 ಮೀಟರ್ ಟೇಪು, ದಿಕ್ಸೂಚಿ, ಜಿಪಿಎಸ್ ಇರುವ ಫೋನ್, ಒಂದು ಕೋಲು. ಕೋಲು ಹಾವಿಗೆ, ಜೇಡರ ಬಲೆಗೆ, ಮತ್ತು ಚಗಳಿ ಇರುವೆಯ ಗೂಡು ಇರುವ ರೆಕ್ಕೆಯನ್ನು ಮುಖದಿಂದ ದೂರ ಸರಿಸಲು. ಚಟ್ನಿ ಪ್ರಿಯರ ಮಾತು ಬೇರೆ.

ಮರದಡಿ ಜಿಪಿಎಸ್ ಐದರಿಂದ ಹತ್ತು ಮೀಟರ್ ಅಲೆದಾಡುತ್ತದೆ. ಆದ್ದರಿಂದ ಮೊದಲು ಅನುಮಾನವೇ ಇಲ್ಲದ ಹದಿನೈದಿಪ್ಪತ್ತು ಬಿಂದು ಹಿಡಿಯಿರಿ: ಕಾಫಿ ಒಣಗಿಸುವ ಕಣದ ಮೂಲೆ, ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಹೌಸ್, ಕಾರ್ಮಿಕರ ಲೈನ್ ಮನೆಯ ತುದಿ, ಕೆರೆ ತೂಬು, ಗೇಟು, ದಾರಿ ಕೂಡುವ ಜಾಗ. ಒಂದೊಂದರಲ್ಲೂ ಎರಡು ನಿಮಿಷ ನಿಂತು ಸರಾಸರಿ ತೆಗೆಯಿರಿ. ಉಳಿದದ್ದನ್ನೆಲ್ಲ ಈ ಬಿಂದುಗಳಿಂದ ದಿಕ್ಕು ಮತ್ತು ಹೆಜ್ಜೆ ಎಣಿಸಿ ತುಂಬಿ. ಟೇಪಿನಲ್ಲಿ 100 ಮೀಟರ್ ಅಳೆದು ನಿಮ್ಮ ಜೋಡಿಹೆಜ್ಜೆ ಲೆಕ್ಕ ಗುರುತು ಮಾಡಿಕೊಳ್ಳಿ. ಜೀಪ್ ರಸ್ತೆಯಲ್ಲಿ 65 ಬಂದರೆ ಕಾಫಿ ಸಾಲಿನೊಳಗೆ ಎಪ್ಪತ್ತು ದಾಟುತ್ತದೆ, ಏರಿನಲ್ಲಿ ಇನ್ನೂ ಹೆಚ್ಚು.

ಕಾಂಟೂರ್‌ಗೆ ಫೋನಿನ ವಾಯುಭಾರ ಮಾಪಕ ಚೆನ್ನಾಗಿ ಒದಗುತ್ತದೆ, ಒಂದು ಎಚ್ಚರದೊಂದಿಗೆ. ಸಾವಿರ ಮೀಟರ್ ಎತ್ತರದಲ್ಲಿ ವಾಯುಭಾರ ಒಂದು ಹೆಕ್ಟೋಪಾಸ್ಕಲ್ ಇಳಿದರೆ ಸುಮಾರು 9 ಮೀಟರ್ ಏರಿದಂತೆ. ನಮ್ಮ ಅಕ್ಷಾಂಶದಲ್ಲಿ ವಾಯುಭಾರ ದಿನಾ ಬೆಳಗ್ಗೆ ಹತ್ತರ ಸುಮಾರಿಗೆ ಏರಿ, ಸಂಜೆ ನಾಲ್ಕರ ಸುಮಾರಿಗೆ ಮೂರು ನಾಲ್ಕು ಹೆಕ್ಟೋಪಾಸ್ಕಲ್ ಇಳಿಯುತ್ತದೆ. ನೀವು ಕದಲದೆ ಕೂತಿದ್ದರೂ ಫೋನಿನ ಪ್ರಕಾರ ಮೂವತ್ತು ಮೀಟರ್ ಗುಡ್ಡ ಹತ್ತಿರುತ್ತೀರಿ. ಅರ್ಧ ಗಂಟೆಗೊಮ್ಮೆ ಕಣದ ಮೂಲೆಗೋ ಇನ್ನೊಂದು ಗೊತ್ತಾದ ಬಿಂದುವಿಗೋ ಮರಳಿ ಸರಿಹೊಂದಿಸಿ.

ಇಳಿಜಾರಿನ ಹಳೆಯ ತೋಟಗಳಲ್ಲಿ ಇನ್ನೊಂದು ಅನುಕೂಲವಿದೆ. ಅಲ್ಲಿ ಗಿಡ ನೆಟ್ಟಿರುವುದೇ ಸಮಪಾತಳಿಯಲ್ಲಿ, ಸಾಲೇ ಕಾಂಟೂರ್. ಒಂದು ಸಾಲು ಹಿಡಿದು ಬಾಗುತ್ತಾ ನಡೆದರೆ ಗುಡ್ಡದ ಮೂಗು, ಕಣಿವೆ ಎರಡರ ಆಕಾರವೂ ಹಾಳೆಯ ಮೇಲೆ ತಾನಾಗಿ ಬರುತ್ತದೆ. ಯಾವ ಉಪಗ್ರಹವೂ ಇಷ್ಟು ಚೆನ್ನಾಗಿ ಹೇಳುವುದಿಲ್ಲ.

ಬಣ್ಣ ಹಾಕುವಾಗ ಹೊಸಬರು ಮಾಡುವ ತಪ್ಪು ಕಾಡನ್ನೆಲ್ಲ ಹಸಿರು ಬಳಿಯುವುದು. ಅಂತರರಾಷ್ಟ್ರೀಯ ಪದ್ಧತಿಯಲ್ಲಿ ಸಲೀಸಾಗಿ ಓಡಬಹುದಾದ ಕಾಡು ಬಿಳಿ, ಬಯಲು ಹಳದಿ, ಹಸಿರು ಅಂದರೆ ಓಟ ನಿಧಾನ. ಹಸಿರು ಗಾಢವಾದಷ್ಟೂ ನುಗ್ಗುವುದು ಕಷ್ಟ. ಲಂಟಾನ ಕವಿದ ಹಾಡ್ಯ ಗಾಢ ಹಸಿರು. ಸೊಪ್ಪಿನ ಬೆಟ್ಟದ ತೆಳು ಕಾಡು ಬಿಳಿ. ಕಾಫಿ ಯಾವುದು? ಸಾಲಿನ ಉದ್ದಕ್ಕೆ ಓಡಬಹುದು, ಅಡ್ಡಕ್ಕೆ ಆಗದು. ಇದಕ್ಕೆಂದೇ ಒಂದು ಚಿಹ್ನೆಯಿದೆ: ಹಸಿರಿನ ಮೇಲೆ ಬಿಳಿ ಪಟ್ಟೆ, ಪಟ್ಟೆಯ ದಿಕ್ಕೇ ಓಡಬಹುದಾದ ದಿಕ್ಕು. ಪ್ರತಿ ಬ್ಲಾಕ್‌ನಲ್ಲೂ ಸಾಲಿನ ದಿಕ್ಕು ಬೇರೆ, ಆದ್ದರಿಂದ ಬ್ಲಾಕ್ ಬ್ಲಾಕಿಗೂ ಪಟ್ಟೆ ತಿರುಗಿಸಬೇಕು. ಬೇಸರದ ಕೆಲಸ. ಆದರೆ ಇದು ಇಲ್ಲದ ಕಾಫಿ ನಕ್ಷೆ ಬರೀ ಬಣ್ಣದ ಹಾಳೆ.

ದಿನಾಂಕ ಹತ್ತಿರ ಬರುವಾಗ ಮರಗಸಿ (ನೆರಳು ಮರಗಳ ಕೊಂಬೆ ಕಡಿಯುವ ಕೆಲಸ) ನಡೆಯುತ್ತದೆಯೇ ಅಂತ ತೋಟದ ರೈಟರ್‌ನನ್ನು ಕೇಳಿ. ಕಡಿದ ಕೊಂಬೆ ಸಾಲಿನಲ್ಲಿ ಬಿದ್ದರೆ ನಿನ್ನೆಯ ಬಿಳಿ ಪಟ್ಟೆ ಇವತ್ತು ಸುಳ್ಳು.

ನಿಷಿದ್ಧ ಜಾಗಗಳನ್ನು ನೇರಳೆ ಗೆರೆಯಿಂದ ಹೊಡೆದುಹಾಕಿ: ನಾಗಬನ, ದೇವರಕಾಡು, ನರ್ಸರಿ, ಲೈನ್ ಮನೆಗಳ ಅಂಗಳ, ಪಲ್ಪರ್ ನೀರಿನ ಗುಂಡಿ, ಗದ್ದೆ. ಎಲ್ಲಕ್ಕಿಂತ ಅಪಾಯ ಪ್ಲಾಸ್ಟಿಕ್ ಹಾಸಿದ ಕೃಷಿ ಹೊಂಡ. ಒದ್ದೆ ಹಾಳೆಯ ಮೇಲೆ ಕಾಲಿಗೆ ಹಿಡಿತ ಸಿಗುವುದಿಲ್ಲ, ಈಜು ಬಲ್ಲವನೂ ಮೇಲೆ ಬರಲಾರ. ಅದರ ಸುತ್ತ ಹಗ್ಗ ಕಟ್ಟಿ, ಐವತ್ತು ಮೀಟರ್ ಒಳಗೆ ಕಂಟ್ರೋಲ್ ಇಡಬೇಡಿ, ಅದರ ಪಕ್ಕ ಹಾದುಹೋಗುವ ಆಸೆ ಹುಟ್ಟಿಸುವ ಕೋರ್ಸನ್ನೂ ಹಾಕಬೇಡಿ. ಸೋಲಾರ್ ಬೇಲಿಯನ್ನು ದಾಟಲಾಗದ ಬೇಲಿಯಾಗಿ ತೋರಿಸಿ, ದಾಟುವ ಉಣಗೋಲು (ಅಡ್ಡಗೋಲಿನ ಗೇಟು) ಇದ್ದಲ್ಲಿ ಗುರುತು ಹಾಕಿ, ಸ್ಪರ್ಧೆಯ ದಿನ ವಿದ್ಯುತ್ ತೆಗೆಸಿ.

ವಾರ 8: ಬಾವುಟ ಹೊಲಿಗೆ

ಕಂಟ್ರೋಲ್ ಬಾವುಟಕ್ಕೆ ಮೂರು ಮುಖ. ಪ್ರತಿ ಮುಖ 30×30 ಸೆಂ.ಮೀ., ಮೇಲಿನ ಎಡ ಅರ್ಧ ಬಿಳಿ, ಕೆಳಗಿನ ಬಲ ಅರ್ಧ ಕಿತ್ತಳೆ. ತರಿಸಿಕೊಳ್ಳಬಹುದು, ಆದರೆ ದರ್ಜಿ ಸಿಕ್ಕರೆ ಎರಡು ದಿನದ ಕೆಲಸ.

ಬಿಳಿ ಬಟ್ಟೆ 44 ಇಂಚು ಪನ್ನ, 8.5 ಮೀಟರ್. ಕಿತ್ತಳೆ ಅದೇ ಪನ್ನ, 4.5 ಮೀಟರ್. ಬಿಳಿಯಲ್ಲಿ 94×34 ಸೆಂ.ಮೀ. ಪಟ್ಟಿ 24 ಕತ್ತರಿಸಿ. ಮೇಲೆ ಕೆಳಗೆ ತಂತಿ ತೂರಿಸಲು ಎರಡೆರಡು ಸೆಂ.ಮೀ. ಮಡಿಕೆ, ಪಕ್ಕದ ಜೋಡಣೆಗೆ ನಾಲ್ಕು. ಕಿತ್ತಳೆಯಲ್ಲಿ 35 ಸೆಂ.ಮೀ. ಚೌಕ 36, ಮೂಲೆಯಿಂದ ಮೂಲೆಗೆ ಕತ್ತರಿಸಿದರೆ 72 ತ್ರಿಕೋನ. ಓರೆ ಅಂಚನ್ನು ಒಂದು ಸೆಂ.ಮೀ. ಮಡಿಸಿ ಬಿಳಿಯ ಮೇಲೆ ಹೊಲಿಯಿರಿ. ಓರೆ ಕತ್ತರಿಸಿದ ಬಟ್ಟೆ ಮೆಷಿನ್ ಕಾಲಿನಡಿ ಎಳೆದುಕೊಂಡು ಅಲೆಅಲೆಯಾಗುತ್ತದೆ. ಮೊದಲು ಕೈಯಲ್ಲಿ ಕಚ್ಚಾ ಹೊಲಿಗೆ ಹಾಕಿದರೆ ಸರಿ. ಚೌಕಟ್ಟಿಗೆ 12 ಗೇಜ್ ಜಿಐ ತಂತಿ, ಒಂದು ತ್ರಿಕೋನಕ್ಕೆ 96 ಸೆಂ.ಮೀ., ಬಾವುಟಕ್ಕೆ ಎರಡು, ಒಟ್ಟು 46 ಮೀಟರ್, ಸುಮಾರು ಎರಡು ಕಿಲೋ. ತುದಿಗಳನ್ನು ಬೈಂಡಿಂಗ್ ವೈರಿನಲ್ಲಿ ಸುತ್ತಿ ಟೇಪ್ ಹಾಕಿ, ಇಲ್ಲದಿದ್ದರೆ ಕೈ ಕೊಯ್ಯುತ್ತದೆ.

ಅಂಗಡಿಯಲ್ಲಿ ಕೇಸರಿ ಅಂತ ಕೇಳಬೇಡಿ, ಕಿತ್ತಳೆ ಅನ್ನಿ. ಕೇಸರಿ ಬಟ್ಟೆ ತೋಟದಲ್ಲಿ ತೂಗಿದರೆ ನೋಡಿದವರು ಬೇರೇನೋ ಅರ್ಥ ಮಾಡಿಕೊಂಡು ಬಿಚ್ಚಬಹುದು, ಅಥವಾ ಕೈ ಮುಗಿದು ಅಲ್ಲೇ ಬಿಡಬಹುದು. ಪ್ರತಿ ಬಾವುಟಕ್ಕೂ "ಕ್ರೀಡಾ ಗುರುತು, ಮುಟ್ಟಬೇಡಿ, ಭಾನುವಾರ ತೆಗೆಯುತ್ತೇವೆ" ಅನ್ನುವ ಚೀಟಿ ಇರಲಿ.

ಕೋಡ್ ಸಂಖ್ಯೆ 31ರಿಂದ ಶುರು. 66, 68, 86, 89, 98, 99 ಬೇಡ. ತಲೆಕೆಳಗಾಗಿ ನೇತುಬಿದ್ದರೆ ಒಂದು ಇನ್ನೊಂದಾಗಿ ಓದಿಸುತ್ತದೆ. ನೆಡಲು ಒಂದೂವರೆ ಮೀಟರ್ ಬಿದಿರು ಗೂಟ. ಮರಕ್ಕೆ ಮೊಳೆ ಬೇಡವೇ ಬೇಡ, ಮೆಣಸಿನ ಬಳ್ಳಿ ಹಬ್ಬಿಸಿದ ಮರಕ್ಕೆ ಹಗ್ಗವೂ ಬೇಡ.

ವಾರ 9: ಕೋರ್ಸ್

ನಕ್ಷೆಯ ಮೇಲೆ ಕೋರ್ಸ್ ಹಾಕಲು ಪರ್ಪಲ್ ಪೆನ್ ಸಾಫ್ಟ್‌ವೇರ್ ಉಚಿತ, ಸಾಕು. ಹೊಸಬರಿಗೆ 2.2 ಕಿ.ಮೀ., 8 ಕಂಟ್ರೋಲ್, ಎಲ್ಲವೂ ದಾರಿಯ ಪಕ್ಕ. ಮಧ್ಯಮಕ್ಕೆ 3.4 ಕಿ.ಮೀ., 11. ದೊಡ್ಡದಕ್ಕೆ 4.8 ಕಿ.ಮೀ., 15. ಜಾಗಗಳನ್ನು ಹಂಚಿಕೊಂಡರೆ 24 ಸಾಲುತ್ತದೆ. ಒಟ್ಟು ಏರು ಉದ್ದದ ಶೇ. 4 ಮೀರಬಾರದು ಅನ್ನುವುದು ರೂಢಿ. 4.8 ಕಿ.ಮೀ.ಗೆ 192 ಮೀಟರ್. ಮಲೆನಾಡಿನಲ್ಲಿ ಇದು ಎರಡು ಸಲ ಗುಡ್ಡ ಹತ್ತಿಸಿದರೆ ಮುಗಿಯಿತು, ಹಾಗಾಗಿ ಕೋರ್ಸನ್ನು ಗುಡ್ಡದ ಪಕ್ಕೆಯ ಉದ್ದಕ್ಕೆ ಎಳೆಯಿರಿ.

ಎರಡು ಕಂಟ್ರೋಲ್ ನಡುವೆ ಕನಿಷ್ಠ 30 ಮೀಟರ್, ಒಂದೇ ಬಗೆಯ ಗುರುತಾದರೆ 60. ಕಾಫಿಯಲ್ಲಿ 60 ಕೂಡ ಕಡಿಮೆಯೇ. ಒಂದು ಬ್ಲಾಕಿನ ನಡುಮಧ್ಯೆ ಗುರುತಿಲ್ಲದ ಜಾಗದಲ್ಲಿ ಬಾವುಟ ಇಟ್ಟರೆ ಸಿಕ್ಕವನಿಗೆ ಅದೃಷ್ಟ, ಸಿಗದವನಿಗೆ ಶಾಪ. ನೀರು ಇಂಗಿಸಲು ಸಾಲಿನ ನಡುವೆ ತೋಡಿದ ತೊಟ್ಟಿಲು ಗುಂಡಿಗಳೂ ಕಂಟ್ರೋಲ್‌ಗೆ ಬೇಡ. ಒಂದೇ ಸಾಲಿನಲ್ಲಿ ನಲವತ್ತು ಇರುತ್ತವೆ, ಮೇಲಾಗಿ ತರಗೆಲೆ ಮುಚ್ಚಿ ಪಾದ ಉಳುಕಿಸುವುದು ಅವೇ. ಒಳ್ಳೆಯ ಜಾಗಗಳು: ಹಳ್ಳ ಕೂಡುವ ಜಾಗ, ಕಲ್ಲುಬಂಡೆಯ ಬುಡ, ಕೆರೆ ಏರಿಯ ತುದಿ, ಅಗಳು ತಿರುಗುವ ಮೂಲೆ, ಒಂಟಿ ಹಲಸು, ಹಳೆ ಪಂಪ್‌ಹೌಸ್.

ಹುತ್ತ ನಕ್ಷೆಯಲ್ಲಿ ಚೆಂದದ ಗುರುತು. ನಕ್ಷೆಯಲ್ಲಷ್ಟೇ ಇರಲಿ. ಒಳಗೆ ಯಾರಿದ್ದಾರೋ ಗೊತ್ತಿಲ್ಲ, ಹೊರಗೆ ಅರಿಶಿನ ಕುಂಕುಮ ಇಟ್ಟವರು ಯಾರೋ ಅದೂ ಗೊತ್ತಿಲ್ಲ. ದೊಡ್ಡ ಗೋಣಿಮರ, ಅತ್ತಿಮರದ ಬುಡವಾದರೆ ತಲೆಯೆತ್ತಿ ಹೆಜ್ಜೇನು ಇದೆಯೇ ನೋಡಿ. ವಾರದೊಳಗೆ ಹೊಸದಾಗಿ ಕಟ್ಟಬಹುದು, ಸ್ಪರ್ಧೆಯ ಬೆಳಗ್ಗೆ ಮತ್ತೆ ನೋಡಿ.

ಪ್ರತಿ ಜಾಗಕ್ಕೂ ಕೋಡ್ ಬರೆದ ಬಟ್ಟೆಚೂರು ಕಟ್ಟಿ. ನಂತರ ಅದನ್ನು ಕಟ್ಟದ ಇನ್ನೊಬ್ಬರು ನಕ್ಷೆ ಮಾತ್ರ ಹಿಡಿದು ಎಲ್ಲ 24ನ್ನೂ ಹುಡುಕಬೇಕು. ಜೊತೆಗೆ ಹೋಗಿ ತೋರಿಸುವುದು ತಪಾಸಣೆಯಲ್ಲ. ಬಾವುಟ ಪಕ್ಕದ ಅಗಳಿನ ಮೂಲೆಗೆ ಹೋಗಿ ಕೂರುವುದು ಈ ಆಟದಲ್ಲಿ ಅತಿ ಸಾಮಾನ್ಯ ಅನಾಹುತ, ಆ ಒಂದು ತಪ್ಪಿಗೆ ಇಡೀ ಕೋರ್ಸಿನ ಫಲಿತಾಂಶ ರದ್ದಾಗುತ್ತದೆ.

ವಾರ 10: ಮುದ್ರಣ ಮತ್ತು ಕಾರ್ಡು

ಪ್ರಿಂಟ್ ಅಂಗಡಿಯಲ್ಲಿ ಹೇಳಬೇಕಾದ ಮಾತು ಒಂದೇ: "ಫಿಟ್ ಟು ಪೇಜ್ ಬೇಡ, ನೂರು ಪರ್ಸೆಂಟ್". ಮರೆತರೆ ನಕ್ಷೆ ಶೇ. 97ಕ್ಕೆ ಕುಗ್ಗುತ್ತದೆ, 400 ಮೀಟರ್ ಅಂತರ 388 ಅಂತ ಅಳೆಸಿಕೊಳ್ಳುತ್ತದೆ. ನಕ್ಷೆಯ ಅಂಚಿನಲ್ಲಿ 10 ಸೆಂ.ಮೀ. ಗೆರೆ ಹಾಕಿಡಿ, ಮೊದಲ ಪ್ರತಿಯನ್ನು ಸ್ಕೇಲ್ ಇಟ್ಟು ಅಳೆಯಿರಿ. ಲೇಸರ್ ಪ್ರಿಂಟ್, ಹರಿಯದ ಪ್ಲಾಸ್ಟಿಕ್ ಹಾಳೆ. ಇಂಕ್‌ಜೆಟ್ ಬೆವರಿಗೇ ಕಲಸಿಹೋಗುತ್ತದೆ. ಕಂಟ್ರೋಲ್ ತೋರಿಸುವ ನೇರಳೆ ವೃತ್ತದಡಿ ಕಪ್ಪು, ಕಂದು ಗೆರೆ ಮುಚ್ಚಿಹೋಗಿದ್ದರೆ ವೃತ್ತವನ್ನು ಅಲ್ಲಿ ಕತ್ತರಿಸಿ. 60ಕ್ಕೆ 70 ಪ್ರತಿ ಸಾಕು.

ಕಂಟ್ರೋಲ್ ವಿವರಣೆಗೆ ಅಂತರರಾಷ್ಟ್ರೀಯ ಚಿಹ್ನೆಗಳಿವೆ. ಹೊಸಬರ ಕೋರ್ಸಿಗೆ ಕನ್ನಡದಲ್ಲೇ ಬರೆಯಿರಿ: "34 – ಕೆರೆ ಏರಿ, ತೂಬಿನ ಪಕ್ಕ".

ಎಲೆಕ್ಟ್ರಾನಿಕ್ ಪಂಚ್ ಇಷ್ಟು ಚಿಕ್ಕ ಸ್ಪರ್ಧೆಗೆ ದುಬಾರಿ. ಫೋನ್ ಆ್ಯಪ್ ಮರದಡಿ ತಡವಾಗಿ ಬೀಪ್ ಅನ್ನುತ್ತದೆ. ಒಂದೊಂದಕ್ಕೆ ಒಂದೊಂದು ಸೂಜಿ ವಿನ್ಯಾಸ ಇರುವ ಪಿನ್ ಪಂಚ್ 24, ಗೂಟಕ್ಕೆ ದಾರದಲ್ಲಿ ಕಟ್ಟಿದ್ದು, ನಂಬಿಕಸ್ತ. ಕಾರ್ಡಿಗೆ ದಪ್ಪ ರಟ್ಟು. ತೆಳು ಹಾಳೆ ಒದ್ದೆಯಾದರೆ ತೂತು ಮುಚ್ಚಿಕೊಂಡು ತಕರಾರಿಗೆ ದಾರಿ. ಮೂರು ಹೆಚ್ಚುವರಿ ಚೌಕ ಇಡಿ, ತಪ್ಪು ಚೌಕದಲ್ಲಿ ಒತ್ತಿದವರಿಗೆ. ಕಾರ್ಡಿನ ತುದಿಯ ಚೂರನ್ನು ಹರಿದು ಸ್ಟಾರ್ಟಿನಲ್ಲಿ ಉಳಿಸಿಕೊಳ್ಳಬೇಕು. ಕಾಡಿನೊಳಗೆ ಯಾರಿದ್ದಾರೆ ಅನ್ನುವುದಕ್ಕೆ ಅದೊಂದೇ ಲೆಕ್ಕ.

ವಾರ 11 ಮತ್ತು 12

ಶನಿವಾರ ಗೂಟ ಮಾತ್ರ ನೆಡಿ. ಬಾವುಟ, ಪಂಚ್ ರಾತ್ರಿ ಬಿಟ್ಟರೆ ಮಂಗನ ಆಟಿಕೆ. ಭಾನುವಾರ ಬೆಳಗ್ಗೆ ಮೊದಲ ಕೆಲಸ ಆನೆ ಕಾರ್ಯಪಡೆಯಿಂದ, ತೋಟದ ಕಾವಲಿನವರಿಂದ ಸುದ್ದಿ ತರಿಸುವುದು. ರಾತ್ರಿ ಆನೆ ದಾಟಿದೆ ಅಂದರೆ ಸ್ಪರ್ಧೆ ಮುಂದಕ್ಕೆ, ಚರ್ಚೆ ಇಲ್ಲ. ಏಳಕ್ಕೆ ಮುಂಚೆ ಯಾರೂ ತೋಟ ಹೊಗುವುದು ಬೇಡ. ಏಳರಿಂದ ಮೂರು ಜೋಡಿ, ತಲಾ ಎಂಟು ಬಾವುಟ, ಎಂಟೂಕಾಲಿಗೆ ವಾಪಸ್.

ಒಂಬತ್ತೂವರೆಗೆ ಮೊದಲ ಸ್ಟಾರ್ಟ್. ಪ್ರತಿ ಕೋರ್ಸಿಗೆ ಎರಡು ನಿಮಿಷಕ್ಕೊಬ್ಬರು. ಮೂರು ಕೋರ್ಸ್ ಒಟ್ಟಿಗೆ ಬಿಟ್ಟರೆ ನಲವತ್ತು ನಿಮಿಷದಲ್ಲಿ ಅರವತ್ತೂ ಜನ ಒಳಗೆ. ಸ್ಟಾರ್ಟ್ ಮತ್ತು ಫಿನಿಶ್‌ನ ಗಡಿಯಾರಗಳನ್ನು ಬೆಳಗ್ಗೆ ಒಟ್ಟಿಗೆ ಇಟ್ಟು ಸೆಕೆಂಡ್ ಸರಿಹೊಂದಿಸಿ. ಪ್ರತಿಯೊಬ್ಬರ ಬಳಿ ಸೀಟಿ, ತೊಂದರೆಯಾದರೆ ನಿಮಿಷಕ್ಕೆ ಆರು ಊದು. ದಾರಿ ಪೂರ್ತಿ ತಪ್ಪಿದವರಿಗೆ ಒಂದು ಸುರಕ್ಷಾ ದಿಕ್ಕು ಹೇಳಿಕೊಡಿ, ಉದಾಹರಣೆಗೆ "ಪೂರ್ವಕ್ಕೆ ನಡೆದರೆ ಡಾಂಬರ್ ರಸ್ತೆ". ಅರ್ಧಕ್ಕೇ ಬಿಟ್ಟವರೂ ಫಿನಿಶ್ ಮೇಜಿಗೆ ಬಂದು ಹೇಳಿಯೇ ಮನೆಗೆ ಹೋಗಬೇಕು. ಇದನ್ನು ಮೂರು ಸಲ ಹೇಳಿ. ಸುಮ್ಮನೆ ಬೈಕ್ ಹತ್ತಿ ಹೋದ ಒಬ್ಬನಿಗಾಗಿ ಹದಿನಾಲ್ಕು ಜನ ಸಂಜೆವರೆಗೆ ಹಾಡ್ಯ ಸೋಸಬೇಕಾಗುತ್ತದೆ.

ನೀರು 20 ಲೀಟರಿನ ಐದು ಕ್ಯಾನ್. ಒಂದು ಜೀಪು ಖಾಲಿ ನಿಂತಿರಲಿ. ಹಾವಿನ ವಿಷಕ್ಕೆ ಮದ್ದು ಇರುವ ಹತ್ತಿರದ ಆಸ್ಪತ್ರೆ ಯಾವುದೆಂದು ಹಿಂದಿನ ದಿನವೇ ಫೋನ್ ಮಾಡಿ ಖಚಿತ ಮಾಡಿ. 108 ಬರುವವರೆಗೆ ಕಾಯುವುದೋ ಜೀಪಿನಲ್ಲಿ ಹೊರಡುವುದೋ ಅನ್ನುವುದನ್ನು ತೀರ್ಮಾನಿಸುವವರು ಒಬ್ಬರೇ ಇರಲಿ.

ಫಲಿತಾಂಶಕ್ಕೆ ಕಂಪ್ಯೂಟರ್ ಬೇಡ. ಕಣದಲ್ಲಿ ಕೋರ್ಸಿಗೊಂದು ಹಗ್ಗ ಕಟ್ಟಿ, ತೂತು ಪರೀಕ್ಷಿಸಿದ ಕಾರ್ಡುಗಳನ್ನು ಬಟ್ಟೆ ಕ್ಲಿಪ್ಪಿನಲ್ಲಿ ಸಮಯದ ಕ್ರಮಕ್ಕೆ ನೇತುಹಾಕಿ. ಹೊಸ ಕಾರ್ಡು ಬಂದಾಗ ನಡುವೆ ಸಿಕ್ಕಿಸಿದರಾಯಿತು, ಎಲ್ಲರಿಗೂ ಕಾಣುತ್ತದೆ.

ಹನ್ನೆರಡೂವರೆಗೆ ಕೋರ್ಸ್ ಬಂದ್. ಸ್ಟಾರ್ಟಿನ ಚೂರುಗಳು ಅರವತ್ತು, ಫಿನಿಶ್‌ನ ಕಾರ್ಡು ಅರವತ್ತು. ಎಣಿಕೆ ಕೂಡಿದ ಮೇಲೆಯೇ ಬಾವುಟ ತೆಗೆಯಲು ಜೋಡಿಗಳು ಹೊರಡಬೇಕು. ಬಾವುಟ 24, ಪಂಚ್ 24, ಗೂಟ 24, ಬಟ್ಟೆಚೂರು 24, ಹೊಂಡದ ಹಗ್ಗ ಒಂದು ಸುರುಳಿ. ಸೋಲಾರ್ ಬೇಲಿಯ ಸ್ವಿಚ್ಚನ್ನು ಕತ್ತಲಾಗುವ ಮೊದಲೇ ಹಾಕಿಸಿ.